ಖಾಲಿ ಡಬ್ಬಿಯ ಕಾಯ್ದೆ

ನೀರು ಆಹಾರವಲ್ಲ ಎಂಬ ಸತ್ಯ ನನಗೆ ತಿಳಿದದ್ದು ವಯಸ್ಸು ನಲವತ್ತರ ಹತ್ತಿರ ಬಂದ ಮೇಲೆ. ತಿಳಿಸಿದ್ದು ಯಾವ ಸ್ವಾಮಿಗಳೂ ಅಲ್ಲ, ಆಹಾರ ಕಲಬೆರಕೆ ತಡೆ ಕಾಯ್ದೆ. ಔಷಧವನ್ನೂ ನೀರನ್ನೂ ಬಿಟ್ಟು ಮನುಷ್ಯ ತಿನ್ನುವ, ಕುಡಿಯುವ ಪದಾರ್ಥಗಳೆಲ್ಲ ಆಹಾರ ಎಂದು ಅದು ಹೇಳುತ್ತಿತ್ತು. ಓದಿದ ದಿನ ಮನೆಯ ತಂಬಿಗೆಯನ್ನು ಬೇರೆಯೇ ಕಣ್ಣಿನಿಂದ ನೋಡಿದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಭದ್ರಾವತಿಯ ಒಂದು ಮಸಾಲೆ ಪುಡಿ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಮೆಣಸಿನ ಪುಡಿಯಲ್ಲಿ ಮೆಣಸಿನಕಾಯಿಯೇ ಇದೆ ಎಂದು ಸಹಿ ಹಾಕುವುದು ನನ್ನ ಕೆಲಸ. ಒಂದು ದಿನ ಮಾಲೀಕರು, “ಪ್ಯಾಕೆಟ್ ಮೇಲೆ ಏನ್ ಬರೀಬೇಕು, ಏನ್ ಬರೀಬಾರ್ದು ಅಂತ ಗೊತ್ತಿರೋರು ಒಬ್ರು ಬೇಕು ಮೇಡಂ, ನೀವೇ ಓದ್ಬಿಡಿ” ಎಂದರು. ಹಾಗೆ, ಅಂಚೆಯಲ್ಲಿ ಪಾಠ ಕಳಿಸುವ ಆಹಾರ ಕಾನೂನಿನ ಡಿಪ್ಲೊಮಾಕ್ಕೆ ಸೇರಿದೆ. ಮಕ್ಕಳಿಬ್ಬರ ಜೊತೆ ನಾನೂ ಪುಸ್ತಕ ಹಿಡಿದು ಕೂತಾಗ ನಮ್ಮ ಮನೆಯವರು, “ಈ ಮನೇಲಿ ಪರೀಕ್ಷೆ ಇಲ್ದಿರೋ ಪ್ರಾಣಿ ನಾನೊಬ್ನೇ” ಎನ್ನುತ್ತ ಕುಕ್ಕರ್ ಇಟ್ಟರು.

ಆದರೆ ನಿಜವಾದ ಓದು ನಡೆಯುತ್ತಿದ್ದದ್ದು ಶಿವಮೊಗ್ಗದಿಂದ ಹೊರಡುವ ಬೆಳಗಿನ ರೈಲಿನಲ್ಲಿ. ಅಲ್ಲಿ ನಮ್ಮದೊಂದು ತಿಂಡಿ ಸಂಘವಿತ್ತು. ಗೋಪಾಳದಿಂದ ಬರುವ ಸರೋಜಾ ಟೀಚರ್, ಸವಳಂಗ ರಸ್ತೆಯ ರೇಣುಕಪ್ಪ, ವಿದ್ಯಾನಗರದ ನಾನು. ರೇಣುಕಪ್ಪ ಭದ್ರಾವತಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ರೈಲು ಹೊರಟ ಕೂಡಲೇ ಮೂರು ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದೆವು. ಯಾರ ಮನೆಯ ತಿಂಡಿಯನ್ನೂ ಆ ಮನೆಯವರೇ ಪೂರ್ತಿ ತಿಂದ ದಾಖಲೆಯಿಲ್ಲ. ರೇಣುಕಪ್ಪನವರ ತಾಯಿ ಮಾಡಿದ ಶೇಂಗಾ ಹೋಳಿಗೆ ಬಂದ ದಿನವಂತೂ ಭದ್ರಾವತಿ ತೀರಾ ಹತ್ತಿರವಾಯಿತೆಂದು ರೈಲ್ವೆಯವರನ್ನು ಬೈಯುತ್ತಿದ್ದೆವು.

ಕಾನೂನು ಓದುವುದು ಕಷ್ಟವಲ್ಲ, ಓದಿದ್ದನ್ನು ಮರೆತು ತಿನ್ನುವುದು ಕಷ್ಟ. ಹಾಲಿಗೆ ನೀರು ಹಾಕಿದರೆ ಕಲಬೆರಕೆ, ಮೊಸರಿಗೆ ಹಾಕಿದರೆ ಮಜ್ಜಿಗೆ. ಇಷ್ಟು ಸರಳವಾಗಿ ನಮ್ಮಜ್ಜಿ ನೋಡುತ್ತಿದ್ದ ಲೋಕವನ್ನು ನಾನು ಕಲಮು, ಉಪಕಲಮುಗಳಲ್ಲಿ ನೋಡತೊಡಗಿದ್ದೆ. ಅಜ್ಜಿಯದೂ ಕಾಯ್ದೆಯೇ. ತಂಗಳು, ಮುಸುರೆ, ಎಂಜಲು ಎಂದು ಅವಳ ಕಲಮುಗಳು ನಮ್ಮ ಪುಸ್ತಕಕ್ಕಿಂತ ಬಿಗಿ. ಆದರೆ ಮೊಮ್ಮಕ್ಕಳಿಗೆ ಹಸಿವಾದಾಗ ಅವಳು ಅವನ್ನು ತಾನೇ ಸಡಿಲಿಸುತ್ತಿದ್ದಳು. ನನಗೆ ಆ ಅಧಿಕಾರವಿರಲಿಲ್ಲ.

ಮಗಳಿಗೆ ಒಳ್ಳೆಯ ಅಂಕ ಬಂದಿತೆಂದು ಸರೋಜಾ ಒಂದು ದಿನ ಕೇಸರಿಬಾತ್ ತಂದಳು. ಡಬ್ಬಿಯೊಳಗೆ ಸೂರ್ಯೋದಯವಾದಂತಿತ್ತು. ದೇವರಾಣೆ, ನಾನು ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಆ ಬಣ್ಣ ಅನುಮತಿಯ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತ ಕೊಂಚ ಹೆಚ್ಚು ಹೊತ್ತು ನೋಡಿದೆ, ಅಷ್ಟೆ.

“ಏನ್ ಮಾರಾಯ್ತಿ, ಹಂಗ್ ನೋಡ್ತೀಯ? ಲ್ಯಾಬಿಗೆ ಕಳಿಸ್ತೀಯಾ?” ಎಂದು ನಗುತ್ತಲೇ ಅವಳು ಮುಚ್ಚಳ ಹಾಕಿದಳು.

ಮಾರನೆಯ ದಿನದಿಂದ ಡಬ್ಬಿಗಳು ನನ್ನ ಕಡೆ ಬರುವುದು ನಿಂತಿತು. ಜಗಳವೇನಿಲ್ಲ. “ಇವತ್ತು ಏನೋ ಗಡಿಬಿಡೀಲಿ ಮಾಡಿದ್ದು, ನಿನಗೆ ಬೇಡ ಬಿಡು” ಎನ್ನುವಳು ಸರೋಜಾ. ರೇಣುಕಪ್ಪ ಒಂದು ಹೆಜ್ಜೆ ಮುಂದೆ ಹೋಗಿ ನೀರಿನ ಬಾಟಲಿ ಚಾಚಿದರು: “ಇದು ನಿಮ್ ಕಾಯ್ದೆಗೆ ಬರಲ್ಲ ಅಂದಿದ್ರಲ್ಲ ಮೇಡಂ, ತಗೊಳ್ಳಿ.” ನಾನು ನಕ್ಕೆ. ನಗುತ್ತ ನನ್ನ ಉಪ್ಪಿಟ್ಟನ್ನು ನಾನೇ ತಿಂದೆ. ನಮ್ಮ ಮನೆಯ ಉಪ್ಪಿಟ್ಟು ಅಷ್ಟೇನೂ ಚೆನ್ನಾಗಿರುವುದಿಲ್ಲ ಎಂದು ಗೊತ್ತಾದದ್ದು ಆಗಲೇ. ಪರೀಕ್ಷೆಯಲ್ಲಿ ಫೇಲಾದರೆ ಇನ್ನೊಮ್ಮೆ ಕಟ್ಟಬಹುದಿತ್ತು. ಈ ಸಂಘದಿಂದ ಹೊರಬಿದ್ದರೆ ಎಲ್ಲಿ ಅರ್ಜಿ ಹಾಕಲಿ? ನಿಜಕ್ಕೂ ದುಃಖವಾಯಿತು.

ದಾರಿ ತೋರಿಸಿದ್ದು ಅದೇ ಕಾಯ್ದೆ. ಪರೀಕ್ಷೆಗೆ ಕೆಲವೇ ದಿನಗಳಿದ್ದಾಗ ‘ಮಾರಾಟ’ ಎಂದರೇನು ಎಂಬುದನ್ನು ಬಾಯಿಪಾಠ ಮಾಡುತ್ತಿದ್ದೆ. ನಗದಿಗೆ ಕೊಟ್ಟರೂ ಮಾರಾಟ, ಸಾಲಕ್ಕೆ ಕೊಟ್ಟರೂ ಮಾರಾಟ, ಒಂದಕ್ಕೆ ಬದಲಾಗಿ ಇನ್ನೊಂದನ್ನು ಕೊಟ್ಟರೂ ಮಾರಾಟ. ಅಂದರೆ ನಾವು ಇಷ್ಟು ದಿನ ರೈಲಿನಲ್ಲಿ ಮಾಡುತ್ತಿದ್ದದ್ದು ವ್ಯಾಪಾರ! ನನ್ನ ಉಪ್ಪಿಟ್ಟಿಗೆ ಅವರ ಹೋಳಿಗೆ. ಅಷ್ಟೇ ಏಕೆ, ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುವ ನಮ್ಮತ್ತೆ ಜೀವನವಿಡೀ ಸಕ್ಕರೆ ವ್ಯಾಪಾರಿ.

ಮರುದಿನ ಬೇಕೆಂದೇ ಡಬ್ಬಿ ಬಿಟ್ಟು ಹೋದೆ.

“ತಿಂಡಿ ಎಲ್ಲೇ?” ಎಂದಳು ಸರೋಜಾ.

“ತಂದಿಲ್ಲ. ಕೊಟ್ಟು ತಗೊಂಡ್ರೆ ಕಾಯ್ದೆ ಬರುತ್ತೆ. ಸುಮ್ನೆ ತಿಂದ್ರೆ ಬರಲ್ಲ. ನನಗೆ ಹಸಿವಾಗ್ತಿದೆ.”

“ಇದನ್ನ ಕಲಿಯೋಕಾ ಮೇಡಂ ಇಷ್ಟು ಓದಿದ್ದು?” ಎಂದು ರೇಣುಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಸರೋಜಾ ತನ್ನ ಡಬ್ಬಿಯ ಮುಚ್ಚಳದ ಮೇಲೆ ಅಕ್ಕಿರೊಟ್ಟಿ ಹಾಕಿಕೊಟ್ಟಳು. ಭದ್ರಾವತಿಯಲ್ಲಿ ಇಳಿಯುವಾಗ, ಉಳಿದದ್ದನ್ನು ಮಧ್ಯಾಹ್ನಕ್ಕಿರಲಿ ಎಂದು ಡಬ್ಬಿಯ ಸಮೇತ ನನ್ನ ಚೀಲಕ್ಕೆ ತುರುಕಿದಳು.

ಆ ಸಂಜೆ ಡಬ್ಬಿ ತೊಳೆದಿಟ್ಟರೆ, ಅತ್ತೆ ಸಕ್ಕರೆ ಡಬ್ಬ ಹಿಡಿದು ಬಂದರು. “ಬೇಡ ಅತ್ತೆ, ಕೇಸಾಗುತ್ತೆ” ಎಂದೆ. ಅವರು ಓದು ತಲೆಗೇರಿದೆ ಎಂಬಂತೆ ನೋಡಿ ಒಳಗೆ ಹೋದರು.

ಡಿಪ್ಲೊಮಾ ಪಾಸಾಯಿತು. ಆ ಪ್ರಮಾಣಪತ್ರದ ಬಲದಿಂದ ಅದೆಷ್ಟೋ ಪ್ಯಾಕೆಟ್‌ಗಳ ಮೇಲಿನ ಅಕ್ಷರ ತಿದ್ದಿದ್ದೇನೆ. ಆದರೆ ಆ ಓದಿನಲ್ಲಿ ನನಗೆ ಅತಿ ಕಷ್ಟವಾದದ್ದು, ಅತ್ತೆಯ ಸಕ್ಕರೆ ತಪ್ಪಿಸಿದ ಮರುದಿನ ಬೆಳಿಗ್ಗೆ ಏನನ್ನೂ ತುಂಬದೆ ಆ ಡಬ್ಬಿಯನ್ನು ಸರೋಜಾಳ ಕೈಗೆ ಕೊಡುವುದು. ಕೈ ನಾಚಿತು. ಅವಳು ಮುಚ್ಚಳ ತೆಗೆದು ನೋಡಿದಳು.

“ಏನೂ ಇಲ್ವಲ್ಲೇ!”

“ಏನೂ ಇಲ್ಲ.”

“ಸರಿ ಹಾಗಾದ್ರೆ,” ಎಂದು ಅವಳು ಚೀಲದಿಂದ ಇನ್ನೊಂದು ಡಬ್ಬಿ ತೆಗೆದಳು. ಅದರ ತುಂಬ ಕೇಸರಿಬಾತ್ ಇತ್ತು, ಅದೇ ಬಣ್ಣದ್ದು. ನಾನು ಈ ಸಲ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದೆ.