ಅಳಿಸಿಹೋದ ಒಂದು ಸಾಲು

ಔರಾದಿನ ಪ್ರಣಾಲಿ ನಾಲ್ಕು ವರ್ಷದಿಂದ ನೌಬಾದಿನ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿದ್ದಳು. ದವಾಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ಅಲ್ಲಿಯ ಕೆಲಸ. ಮಾಡಿದ್ದನ್ನು ಯಾವ ಕಂಪ್ಯೂಟರಿನಲ್ಲಾದರೂ ನಡೆಯುವಂತೆ ಕಂಟೇನರ್ ಇಮೇಜ್ ಎಂಬ ಒಂದೇ ಗಂಟಾಗಿ ಕಟ್ಟುವಾಗ ಫೋಲ್ಡರಿನ ಯಾವ ಫೈಲುಗಳು ಒಳಗೆ ಹೋಗಬಾರದು ಎಂದು ಹೇಳುವ ಪಟ್ಟಿಯನ್ನು ಬರೆದವಳು ಅವಳೇ. ಹೆಸರು ಸಿಎಸ್‌ವಿ ಎಂದು ಕೊನೆಯಾಗುವ, ಅಂದರೆ ಪಟ್ಟಿಗಳಿರುವ, ಯಾವ ಫೈಲೂ ಬೇಡ ಎಂಬುದು ಅದರಲ್ಲೊಂದು ಸಾಲು. ಭಾಲ್ಕಿಯ ಡಾಕ್ಟರ್ ಪ್ರಮಿಲಾ ಅವರ ರೋಗಿಗಳ ಹೆಸರು, ಫೋನ್ ನಂಬರು, ಕಾಯಿಲೆ ಎಲ್ಲ ಅಂಥದೊಂದು ಫೈಲಿನಲ್ಲಿದ್ದವು.

ಸಾನಿಕಾ ಅದೇ ಕಚೇರಿಗೆ ಸೇರಿ ಆರು ತಿಂಗಳಾಗಿತ್ತು. ಮೈಲೂರಿನ ತನ್ನ ಕೋಣೆಯಲ್ಲೇ ಅವಳಿಗೆ ಜಾಗ ಕೊಟ್ಟು, ಕೆಲಸ ಕಲಿಸಿದ್ದೂ ಪ್ರಣಾಲಿಯೇ. ಒಂದು ಸೋಮವಾರ ಪ್ರಣಾಲಿ ಭಾಲ್ಕಿಯ ದವಾಖಾನೆಗೆ ಹೋಗಿದ್ದಾಗ ಸಾನಿಕಾಳ ಫೋನ್ ಬಂತು.

"ಅಕ್ಕಾ, ನನ್ನ ಮಷಿನ್ ಕೆಟ್ಟದ. ನಿಂದು ತೊಗೊಳ್ಲೇನು?"

ಪ್ರಣಾಲಿ ಎರಡು ಮಾತಾಡದೆ ಪಾಸ್‌ವರ್ಡ್ ಹೇಳಿದಳು.

ಎಂಟು ದಿನದ ಮೇಲೆ ಯಾರೋ ಅಪರಿಚಿತರು ಕಚೇರಿಗೆ ಬರೆದರು: ಪರೀಕ್ಷೆಗೆಂದು ನೀವು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟ ಇಮೇಜಿನೊಳಗೆ ರೋಗಿಗಳ ಪಟ್ಟಿ ಇದೆ. ಮಾಲೀಕ ಚಂದ್ರಕಾಂತ ಬದಲಾವಣೆಗಳ ದಾಖಲೆ ತೆಗೆದು ನೋಡಿದ. ಸಿಎಸ್‌ವಿ ಬೇಡ ಎಂಬ ಸಾಲನ್ನು ಅಳಿಸಲಾಗಿತ್ತು, ಪ್ರಣಾಲಿಯ ಹೆಸರಿನಲ್ಲಿ.

"ನೀನ ಬರ್ದು ನೀನ ಅಳಿಸೀದಿ. ಯಾಕ?"

ಅವಳು ಬಾಯಿ ತೆರೆಯುವ ಮೊದಲೇ ಪಕ್ಕದ ಮೇಜಿನಿಂದ ಸಾನಿಕಾ ಅಂದಳು, "ಅದೆಲ್ಲ ಅಕ್ಕನ ನೋಡ್ಕೋತಾಳ್ರಿ ಸರ್. ನನಗ ಗೊತ್ತಿಲ್ರಿ."

ಪ್ರಣಾಲಿ ದಾಖಲೆಯ ತಾರೀಖು ನೋಡಿದಳು. ತಾನು ಭಾಲ್ಕಿಯಲ್ಲಿದ್ದ ಸೋಮವಾರ, ಹನ್ನೊಂದೂ ನಲವತ್ತು. ಸಾನಿಕಾಳನ್ನು ಹೊರಗೆ ಕರೆದಳು.

"ಸಾಫ್ಟ್‌ವೇರಿಗೆ ಬೇಕಿದ್ದ ಹಳ್ಳಿ ಹೆಸರಿನ ಪಟ್ಟಿನೂ ಸಿಎಸ್‌ವಿ ಇತ್ತು. ಅದು ಒಳಗ ಹೋಗವಲ್ದು. ಅದಕ್ಕ ಆ ಸಾಲು ತೆಗದೆ," ಸಾನಿಕಾ ನೆಲ ನೋಡುತ್ತ ಹೇಳಿದಳು.

"ಒಂದ ಫೈಲಿಗೆ ವಿನಾಯಿತಿ ಹ್ಯಾಂಗ ಬರೀಬೇಕಂತ ತೋರ್ಸಿದ್ದೆನಲ್ಲ?"

"ಮರ್ತಿದ್ದೆ. ನಂದು ಇನ್ನಾ ಪರ್ಮನೆಂಟ್ ಆಗಿಲ್ಲ ಅಕ್ಕಾ. ನಿನಗೇನೂ ಆಗಂಗಿಲ್ಲ ಅನ್ಕೊಂಡೆ."

ತಪ್ಪು ಯಾರಿಂದಲೂ ಆಗುತ್ತದೆ, ಅಷ್ಟೇ ಆಗಿದ್ದರೆ ಪ್ರಣಾಲಿ ಅಲ್ಲೇ ಮರೆಯುತ್ತಿದ್ದಳು. ಲೆಕ್ಕ ಹಾಕಿ ತನ್ನನ್ನು ಮುಂದೆ ತಳ್ಳಿದ್ದು ಮಾತ್ರ ಸಹಿಸಲಾಗಲಿಲ್ಲ. ಒಳಗೆ ಹೋಗಿ ಚಂದ್ರಕಾಂತನಿಗೆ ಎಲ್ಲ ಹೇಳಿದಳು. ಸಾಲು ಅಳಿಸಿದ ಹೊತ್ತಿಗೆ ಪ್ರಣಾಲಿ ತಮ್ಮ ಎದುರಿಗೇ ಕೂತಿದ್ದಳೆಂದು ಡಾಕ್ಟರು ಫೋನಿನಲ್ಲಿ ಖಾತ್ರಿಪಡಿಸಿದರು. ಸಾನಿಕಾಳ ಕೆಲಸ ಹೋಯಿತು. "ಪಾಸ್‌ವರ್ಡ್ ಕೊಟ್ಟಾಕಿ ನೀನ," ಎಂದು ಚಂದ್ರಕಾಂತ ಪ್ರಣಾಲಿಗೂ ಎಚ್ಚರಿಕೆ ಪತ್ರ ಕೊಟ್ಟ. ಸಂಜೆ ಕೋಣೆಗೆ ಬಂದರೆ ಸಾನಿಕಾ ಸಾಮಾನು ಕಟ್ಟಿಕೊಂಡು ಹೋಗಿದ್ದಳು.

ಇಮೇಜನ್ನು ತೆಗೆದುಹಾಕಿದರೂ ಅಷ್ಟರಲ್ಲಿ ಹದಿನಾಲ್ಕು ಸಲ ಅದು ಡೌನ್‌ಲೋಡ್ ಆಗಿತ್ತು. ಮರುದಿನ ಪ್ರಣಾಲಿ ಭಾಲ್ಕಿಗೆ ಹೋಗಿ ಡಾಕ್ಟರ ಜೊತೆ ಕೂತಳು. ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ನಡೆದದ್ದನ್ನು ತಿಳಿಸಿದರು. ಮೀರಾಬಾಯಿ ಎಂಬಾಕೆ ತನ್ನ ಕಾಯಿಲೆಯನ್ನು ಮನೆಯವರಿಗೂ ಹೇಳಿರಲಿಲ್ಲ.

"ಯಾರ್ ಮಾಡಿದ್ರಿ ಇದು?" ಆಕೆ ಕೇಳಿದಳು.

"ನನ್ನ ಮಷಿನ್ ಮ್ಯಾಲಿಂದ ಆಗ್ಯಾದ್ರಿ," ಎಂದಳು ಪ್ರಣಾಲಿ. ಸಾನಿಕಾಳ ಹೆಸರು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು.

"ನಿಮ್ಮನ್ನ ನಂಬಿದ್ನಲ್ರಿ," ಎಂದು ಮೀರಾಬಾಯಿ ಎದ್ದು ಹೋದಳು.