ಗೋಡೆಗೆ ಸೆರಗು

ಟೈಲ್ಸ್ ಅಂಗಡಿಗೆ ಬರುವವರೆಲ್ಲ ಬೆರಳಿನ ಗಿಣ್ಣಿನಿಂದ ಕುಟ್ಟಿ ನೋಡುತ್ತಾರೆ. ಬಿರುಕು ಕಂಡರೆ ಮುಖ ಸಿಂಡರಿಸುತ್ತಾರೆ. ಬಿರುಕು ಕಂಡು ಅರಳುತ್ತಿದ್ದವಳು ಅಶ್ವತ್ಥಕ್ಕ ಒಬ್ಬಳೇ. ಹಿಂದೂಪುರದ ನನ್ನ ಅಂಗಡಿ ಮುಂದೆ ಲಾರಿ ನಿಂತರೆ ಸಾಕು, ಯಾರು ಸುದ್ದಿ ಮುಟ್ಟಿಸುತ್ತಿದ್ದರೋ ಏನೋ, ಗೋಣಿಚೀಲ ಹಿಡಿದು ಹಾಜರಾಗುತ್ತಿದ್ದಳು. "ದಾರೀನಾಗೆ ಎಷ್ಟು ಒಡದ್ವು ಕಣಪ್ಪ ಈ ಸಲ?" ನನ್ನ ನಷ್ಟವನ್ನು ಅಷ್ಟು ಸಂತೋಷದಿಂದ ವಿಚಾರಿಸಿದವರು ಬೇರೆ ಯಾರೂ ಇಲ್ಲ.

ಅವಳದು ನೇಯ್ಗೆಯವರ ಮನೆ. ಮಂಡಿನೋವು ಬಂದು ಮಗ್ಗದ ಗುಂಡಿಗೆ ಕಾಲು ಇಳಿಬಿಡಲಾಗದೆ ಹೋದ ಮೇಲೆ, ಸುಮ್ಮನಿರಲಾರದ ಕೈಗೆ ಈ ಹುಚ್ಚು ಹತ್ತಿತು. ಪ್ಲೈವುಡ್ ಹಲಗೆಯ ಮೇಲೆ ಟೈಲ್ಸ್ ಚೂರು, ಬಳೆ ಚೂರು, ಮಿಕ್ಕಿದ ಜರಿ, ಹುಣಸೆ ಮಂಡಿಯಲ್ಲಿ ಆರಿಸಿ ತಂದು ವಾರ್ನಿಷ್ ಬಳಿದ ಬೀಜ ಎಲ್ಲವನ್ನೂ ಅಂಟಿಸಿ ಗಿಡ ಮಾಡುತ್ತಿದ್ದಳು. ತುಂಬೆ, ತಂಗಡಿ, ಎಕ್ಕ, ಉತ್ತರಾಣಿ. ಒಂದು ಗುಲಾಬಿ ಮಾಡಕ್ಕ ಎಂದರೆ ಒಪ್ಪುತ್ತಿರಲಿಲ್ಲ. "ಅದುಕ್ಕೆ ಎಲ್ರೂ ಅವ್ರೆ. ಉತ್ರಾಣಿಗೆ ಯಾರವ್ರೆ ಹೇಳು? ಸೀರೆಗೆ ಅಂಟ್ಕಂಡ್ರೆ ಕಿತ್ತು ಬಿಸಾಕ್ತೀರ."

ಕೈ ಹಲಗೆಗೆ ಬಂದರೂ ಬುದ್ಧಿ ಮಗ್ಗದಲ್ಲೇ ಇತ್ತು. ಮೊದಲು ಎರಡು ಕಡೆ ಅಂಚು, ಆಮೇಲೆ ಅಲ್ಲೊಂದು ಇಲ್ಲೊಂದು ಬುಟ್ಟಾ ಬಿದ್ದ ಒಡಲು, ಕೊನೆಗೆ ಹೂ ಬಳ್ಳಿ ಒತ್ತೊತ್ತಾಗಿ ತುಂಬಿದ ಸೆರಗು. ಎಷ್ಟು ಚಿಕ್ಕ ಹಲಗೆಯಾದರೂ ಅದೇ ಕ್ರಮ. "ಇದನ್ನ ಉಡಬೌದೇನಕ್ಕಾ?" ಎಂದು ರೇಗಿಸಿದರೆ, "ಉಟ್ಟು ನೋಡು, ಬೆನ್ನೆಲ್ಲ ಕುಯ್ಕಂತದೆ" ಎನ್ನುತ್ತಿದ್ದಳು.

ಅವಳ ಒಂದು ಹಲಗೆ ನನ್ನ ಅಂಗಡಿಯಲ್ಲಿ ತೂಗಾಡುತ್ತಿತ್ತು. ಕಲ್ಯಾಣದುರ್ಗದಲ್ಲಿ ಮದುವೆ ಮಂಟಪ ಕಟ್ಟಿಸುತ್ತಿದ್ದ ನರಸಿಂಹುಲು ಎಂಬ ಸಾವುಕಾರರು ಟೈಲ್ಸ್ ಆರಿಸಲು ಬಂದವರು ಅದರ ಮುಂದೆ ನಿಂತುಬಿಟ್ಟರು. ಊಟದ ಹಾಲಿನ ಉದ್ದ ಗೋಡೆಗೆ ಇಂಥದ್ದೇ ಬೇಕು, "ಗ್ರ್ಯಾಂಡಾಗಿ ಉಂಡಾಲ", ಗ್ರ್ಯಾಂಡಾಗಿ ಇರಬೇಕು, ಎಂದರು. ಹೋಗಿ ಅಕ್ಕನಿಗೆ ಹೇಳಿದೆ. "ಮನ್ಯಾಗೆ ಮಗ ಸೊಸೆ ಎಲ್ಲಾ ಇದನ್ನ ಕಸ ಅಂತಾರೆ ಕಣಪ್ಪ. ಗ್ವಾಡೆ ಮ್ಯಾಲೆ ಕುಂತ್ಬುಟ್ರೆ ಯಾರೂ ಗುಡ್ಸಾಕಾಗಲ್ಲ" ಎಂದಳು. ಆ ಗೋಡೆ ಅವಳಿಗೆ ಎಷ್ಟು ದೊಡ್ಡದು ಎಂದು ನನಗೆ ಆಗ ತಿಳಿಯಿತು.

ಕಲ್ಯಾಣದುರ್ಗದಲ್ಲೇ ನೆಂಟರ ಮನೆಯಲ್ಲಿ ಉಳಿದು, ಸಿಮೆಂಟು ಕಲಸಲು ಒಬ್ಬ ಗಾರೆಯವನನ್ನು ಇಟ್ಟುಕೊಂಡು ಕೆಲಸ ಮುಗಿಸಿದಳು. ಕೊನೆಯ ದಿನ ನೋಡಲು ಹೋದೆ. ಅಷ್ಟು ದಿನ ಅನಂತಪುರದಲ್ಲೇ ಇದ್ದ ಸಾವುಕಾರರೂ ಅವತ್ತೇ ಮೊದಲು ನೋಡಿದ್ದು. ಜನ ಒಳಬರುವ ಬಾಗಿಲ ಹತ್ತಿರ ನಾಲ್ಕು ಬುಟ್ಟಾ. ಆ ತುದಿಗೆ, ಕೈ ತೊಳೆಯುವ ನಲ್ಲಿಗಳ ಸುತ್ತ, ತಂಗಡಿ ಉತ್ತರಾಣಿಗಳ ಬನವೇ ಎದ್ದು ನಿಂತಿತ್ತು!

"ಏಂದಮ್ಮಾ ಇದಿ? ಬಾಗಿಲ ತಾವ ಬೋಳು, ಎಂಜಲು ತೊಳ್ಯೋ ತಾವ ಹೂದೋಟಾನಾ?" ಎಂದು ಸಾವುಕಾರರು ಕೂಗಿದರು.

"ಅದು ಸೆರಗು ಸ್ವಾಮಿ. ಸೆರಗು ಕೊನೇಗಲ್ವಾ ಬರಾದು?"

"ಇದಿ ಗೋಡಮ್ಮಾ, ಚೀರ ಕಾದು!"

ಅದು ಗೋಡೆ, ಸೀರೆಯಲ್ಲ ಎಂಬುದು ಅಕ್ಕನಿಗೆ ಆ ಗಳಿಗೆಯಲ್ಲೇ ಹೊಳೆದಂತಿತ್ತು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಗ್ರ್ಯಾಂಡು ಎಂದವರು ಎಲ್ಲಿ ಗ್ರ್ಯಾಂಡು ಎಂದು ಹೇಳಿರಲಿಲ್ಲ. ಆ ತುದಿ ಒಡೆಸಿ ಬಿಳಿ ಟೈಲ್ಸ್ ಹಾಕಿಸುತ್ತೇನೆ ಎಂದು ಅವರು ಪಟ್ಟು ಹಿಡಿದರು. ಅಕ್ಕ ಜಗಳವಾಡಲಿಲ್ಲ. "ಒಂದು ಮದ್ವೆ ಆಗ್ಲಿ ಸ್ವಾಮಿ. ಆಮ್ಯಾಕೆ ಒಡೀರಿ. ಚೂರೆಲ್ಲ ನಾನೇ ಬಾಚ್ಕಂಡು ಹೋಯ್ತೀನಿ" ಎಂದಳು.

ಆ ಮೊದಲ ಮದುವೆಗೆ ಇಬ್ಬರೂ ಹೋದೆವು. ಅಕ್ಕ ಎಲೆಯ ಮುಂದೆ ಕೂತಳು. ಅವಳ ಕಣ್ಣೆಲ್ಲ ನಲ್ಲಿಯ ಕಡೆ. ಉಂಡವರು ಎಂಜಲು ಕೈ ಹಿಡಿದು ಸಾಲಾಗಿ ನಿಂತರು. ಮುಂದಿನವರು ಕೈ ತೊಳೆದರೂ ಜಾಗ ಬಿಡುತ್ತಿಲ್ಲ. "ಅಯ್ಯೋ, ಉತ್ರಾಣಿ ಕಣೇ! ನಮ್ಮ ಹೊಲದ್ದಂಗೇ ಐತಲ್ಲೇ!" ಎಂದು ಒಬ್ಬ ಅಜ್ಜಿ ಗೋಡೆ ಸವರಿದಳು. ಅಷ್ಟರಲ್ಲಿ ಫೋಟೋದವನು ಹೆಣ್ಣು ಗಂಡನ್ನು ಅಲ್ಲಿಗೇ ಕರೆತಂದು, "ಜರಗಂಡಿ, ಜರಗಂಡಿ" ಎಂದು ಕೈ ತೊಳೆಯುವವರನ್ನೇ ಓಡಿಸಿದ. ಬೀಗರು ಒಣಗಿದ ಎಂಜಲು ಕೈ ಎತ್ತಿಕೊಂಡು ಸಾವುಕಾರರನ್ನು ಹುಡುಕಿಕೊಂಡು ಹೊರಟರು.

ಮಾರನೆಯ ದಿನ ಸಾವುಕಾರರು ಒಡೆಯುವವನನ್ನು ಕರೆಸಲಿಲ್ಲ, ಪ್ಲಂಬರನ್ನು ಕರೆಸಿದರು. ನಲ್ಲಿಗಳು ಎದುರಿನ ಗೋಡೆಗೆ ಹೋದವು.

ಆಮೇಲೆ ಅಕ್ಕ ಬಹಳ ದಿನ ಇರಲಿಲ್ಲ. ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲವಂತೆ. ಈಗಲೂ ಲಾರಿ ಬಂದಾಗ ಒಡೆದದ್ದನ್ನು ಬೇರೆ ಎತ್ತಿಡುತ್ತೇನೆ, ಆಮೇಲೆ ಬೇಸರವಾಗುತ್ತದೆ. ಆದರೆ ಅವಳನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಅದಕ್ಕೂ ಹಿಂದಿನ ಒಂದು ದಿನ. ನಲ್ಲಿ ಕಿತ್ತ ತೂತುಗಳನ್ನು ಮುಚ್ಚಲು ಅವಳನ್ನು ಕರೆದಿದ್ದರು. ನಾನೂ ಜೊತೆಗೆ ಹೋಗಿದ್ದೆ. ತೂತಿಗೊಂದರಂತೆ ನೇರಳೆ ಚೂರಿನ ಎಕ್ಕದ ಹೂ ಕೂರಿಸಿ, ಸಿಮೆಂಟು ಕೈ ತೊಳೆಯಲು ಎದುರಿನ ಗೋಡೆಗೆ ಹೋದಳು. ನಲ್ಲಿ ತಿರುಗಿಸಿ ಹಿಂದಕ್ಕೆ ನೋಡಿದಳು. ಇಷ್ಟು ದಿನ ಗೋಡೆಗೆ ಮೂಗು ತಾಗಿಸಿಕೊಂಡು ಕೆಲಸ ಮಾಡಿದವಳು, ಬಾಗಿಲಿಂದ ಸೆರಗಿನವರೆಗೆ ಅದನ್ನು ಇಡಿಯಾಗಿ ಕಂಡದ್ದು ಆಗಲೇ. ಕೈ ತೊಳೆಯುವುದನ್ನೇ ಮರೆತಳು. ಆ ಊರಲ್ಲಿ ಟ್ಯಾಂಕರ್ ನೀರು. ಒಂದು ನಲ್ಲಿ ತೊಟ್ಟಿಕ್ಕಿದರೂ ಸಾವುಕಾರರು ಕೂಗಾಡುತ್ತಿದ್ದರು. ಅವತ್ತೂ ದಡದಡ ಬಂದು ನಲ್ಲಿಗೆ ಕೈ ಹಾಕಿದರು. ಅವಳ ಮುಖ ನೋಡಿದರು. ನಲ್ಲಿಯನ್ನು ಹಾಗೆಯೇ ಬಿಟ್ಟು ಹಿಂದೆ ಸರಿದರು.