ಸ್ಟೆಪ್ನಿಗೆ ವಿಭೂತಿ

ಚನ್ನಬಸಪ್ಪನವರು ಯಾರ ಮುಖವನ್ನೂ ನೋಡಿ ಮಾತಾಡಿದವರಲ್ಲ. ಅವರ ಕಣ್ಣು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಅಂದರೆ ಚಕ್ರಗಳ ಮಟ್ಟದಲ್ಲಿ ಓಡಾಡುತ್ತಿತ್ತು. ಬೆಳಿಗ್ಗೆ ಹಣೆ ತುಂಬ ವಿಭೂತಿ ಬಳಿದುಕೊಂಡು, ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರೆಂದರೆ ಹೋಗಿಬರುವ ಗಾಡಿಗಳಿಗೆಲ್ಲ ಹಾಜರಿ ಶುರುವಾಯಿತು ಎಂದೇ ಅರ್ಥ. ಊರಿನ ಜನ ‘ತಿಂಡಿ ಆಯ್ತಾ?’ ಎಂದು ಕೇಳುವ ಜಾಗದಲ್ಲಿ ಇವರು “ಹಿಂದಿನ ಎಡಗಡೇದು ಇಳಿದಿದೆ” ಎನ್ನುತ್ತಿದ್ದರು. ಎದುರು ಮನೆಯಲ್ಲಿ ಅಷ್ಟು ವರ್ಷ ಇದ್ದರೂ, ಕಾರಿಲ್ಲದೆ ನಡೆದು ಬಂದರೆ ಅವರಿಗೆ ನನ್ನ ಗುರುತು ಸಿಗುತ್ತಿತ್ತೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಬಸ್ ಡಿಪೊದ ಟೈರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಡಿಪೊ ಅವರನ್ನು ಬಿಟ್ಟಿತ್ತು, ಅವರು ಟೈರುಗಳನ್ನು ಬಿಟ್ಟಿರಲಿಲ್ಲ.

ನಮ್ಮ ಮನೆಗೆ ಕಾರು ಬಂದ ದಿನ ಬೀದಿಯವರೆಲ್ಲ ನೋಡಲು ಬಂದರು. ನಮ್ಮ ಯಜಮಾನರು ಹಿಂದಿನದನ್ನು ತೋರಿಸುವ ಕ್ಯಾಮೆರಾ, ಮಾತು ಕೇಳಿ ಹಾಡು ಹಾಕುವ ಪರದೆ, ಆಕಾಶ ಕಾಣುವ ಕಿಟಕಿ ಎಲ್ಲವನ್ನೂ ತಾವೇ ಕೂತು ತಯಾರಿಸಿದವರ ಹಾಗೆ ವಿವರಿಸಿದರು. ಚನ್ನಬಸಪ್ಪನವರು ಅದ್ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ನೇರವಾಗಿ ಡಿಕ್ಕಿ ತೆಗೆಸಿ, ಕಾರ್ಪೆಟ್ ಎತ್ತಿ, ಒಳಗೆ ಮಲಗಿದ್ದ ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಉಳಿದ ನಾಲ್ಕು ಚಕ್ರಗಳಿಗಿಂತ ಅದು ಸಣ್ಣದು, ತೆಳ್ಳಗಿನದು.

“ಪಾಪ, ಇದಕ್ಕೆ ಊಟ ಹಾಕಿಲ್ವಾ?” ಎಂದರು.

“ಈಗೆಲ್ಲ ಹಿಂಗೇ ಅಂಕಲ್, ಜಾಗ ಉಳಿಯತ್ತೆ. ಎಂಬತ್ತರ ಸ್ಪೀಡಿನವರೆಗೂ ಓಡಿಸ್ಬಹುದು, ಅದರ ಮೇಲೇ ಬರೆದಿದೆ ನೋಡಿ” ಎಂದರು ಯಜಮಾನರು.

“ಬರೆದವನು ಮೈಸೂರು ರೋಡ್ ನೋಡಿಲ್ಲ. ಇದನ್ನ ಹಾಕ್ಕೊಂಡ್ರೆ ಐವತ್ತು. ಐವತ್ತರ ಮೇಲೆ ಯಾರೇ ಕರೆದ್ರೂ ಹೋಗ್ಬಾರ್ದು.”

ಆಮೇಲೆ ಬಂದದ್ದು ನನ್ನ ಬಡ್ತಿಯ ವಿಷಯ. ನಾನು ಪಾಠ ಮಾಡುವ ಸಂಸ್ಥೆಯವರು ತಮ್ಮ ಕೆಂಗೇರಿ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗುತ್ತೀರಾ ಎಂದು ಕೇಳಿದರು. ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದವಳಿಗೆ ಬೇಡ ಎನ್ನಲು ಮನಸ್ಸು ಬರುತ್ತದೆಯೇ? ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ಕಾರಿನಲ್ಲಿ ಒಬ್ಬಳೇ ಹೋಗಬೇಕು. ಮನೆಯಲ್ಲಿ ಸಭೆ ಸೇರಿತು. ನನ್ನ ಓದು, ಅನುಭವ, ಆಡಳಿತ ಇವುಗಳ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಯಜಮಾನರದ್ದು ಒಂದೇ ಪ್ರಶ್ನೆ: “ಪಂಕ್ಚರ್ ಆದ್ರೆ ಏನ್ಮಾಡ್ತೀಯ?” ಅತ್ತೆಯೂ ಅದನ್ನೇ ಕೇಳಿದರು. ಹೋದ ವಾರವಷ್ಟೇ ಸೈಕಲ್ಲಿಗೆ ಗಾಳಿ ಹೊಡೆಸಲು ಅಪ್ಪನನ್ನು ಕರೆದಿದ್ದ ಮಗನೂ ಅದನ್ನೇ ಕೇಳಿದ. ಆರುನೂರು ಮಕ್ಕಳನ್ನು ಸಂಭಾಳಿಸಬಲ್ಲವಳ ಭವಿಷ್ಯ ಒಂದು ಮೊಳೆಯ ಮೇಲೆ ನಿಂತಿತು. ಒಂದು ವಾರದಲ್ಲಿ ಉತ್ತರ ಹೇಳಬೇಕಿತ್ತು.

ನಡುವೆ ಆಯುಧಪೂಜೆ ಬಂತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಹಾರ ಹಾಕಿ, ಬೂದುಗುಂಬಳಕಾಯಿ ಒಡೆಯಲು ಯಜಮಾನರು ಕೈ ಎತ್ತಿದ್ದರು. ಎದುರು ಮನೆಯ ಕುರ್ಚಿಯಿಂದ ಆಜ್ಞೆ ಹೊರಟಿತು.

“ಐದನೇದು ಎಲ್ಲಿ?”

ಐದನೆಯದನ್ನು ತೆಗೆಯಬೇಕಾದರೆ ಡಿಕ್ಕಿಯಲ್ಲಿದ್ದ ಅಕ್ಕಿ ಮೂಟೆ, ಎರಡು ಮಡಿಚುವ ಕುರ್ಚಿ ಮತ್ತು ನಾದಿನಿಯ ಸೂಟ್‌ಕೇಸು ಇಳಿಯಬೇಕಿತ್ತು. ಇಳಿದವು. ಸ್ಟೆಪ್ನಿಯಲ್ಲಿ ಅರ್ಧ ಗಾಳಿಯೂ ಇರಲಿಲ್ಲ. “ನಾಲ್ವರಿಗೆ ಪೂಜೆ ಮಾಡ್ತೀರ, ಕಷ್ಟಕ್ಕೆ ಬರೋನನ್ನ ಅಕ್ಕಿ ಮೂಟೆ ಕೆಳಗೆ ಹಾಕ್ತೀರ” ಎಂದು ಬೈಯುತ್ತಲೇ ಮನೆಯಿಂದ ಪಂಪು ತಂದು ಗಾಳಿ ತುಂಬಿದರು. ತಮ್ಮ ವಿಭೂತಿ ಗಟ್ಟಿಯನ್ನೇ ನೀರಿನಲ್ಲಿ ತೇಯ್ದು ಅದರ ಡಿಸ್ಕಿನ ಮೇಲೆ ಮೂರು ಪಟ್ಟೆ ಎಳೆದರು. ಬೀದಿಯಲ್ಲಿ ನಗು. ಅಂದಿನಿಂದ ಅವರು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ‘ಸ್ಟೆಪ್ನಿ ಸ್ವಾಮಿಗಳು’ ಆದರು.

ನಾನೂ ನಗುತ್ತಿದ್ದೆ. ಆಗ ಅವರು ನನ್ನ ಕಾಲಿನ ಕಡೆ ನೋಡಿಕೊಂಡು ಕೇಳಿದರು: “ಕೆಂಗೇರಿಗೆ ಹೋಗೋದು ನೀನಾ, ಇವರಾ?”

“ನಾನೇ ಅಂಕಲ್. ಆದ್ರೆ ಪಂಕ್ಚರ್ ಆದ್ರೆ...”

“ಆದ್ರೆ ಏನು, ಬಿಚ್ಚೋದು, ಹಾಕೋದು. ಬಾಮ್ಮ ಟೀಚರಮ್ಮ, ಈಗಲೇ ಮಾಡು.”

ರೇಷ್ಮೆ ಸೀರೆ ಸೆರಗು ಸಿಕ್ಕಿಸಿಕೊಂಡು ಕೂತೆ. ಜಾಣೆಯ ಹಾಗೆ ಮೊದಲು ಜಾಕ್ ಹಾಕಿ ಗಾಡಿ ಎತ್ತಿದೆ, ಆಮೇಲೆ ನಟ್ಟಿಗೆ ಸ್ಪ್ಯಾನರ್ ಕೊಟ್ಟೆ. ಗಾಳಿಯಲ್ಲಿದ್ದ ಮುಂದಿನ ಚಕ್ರ ಅದರ ಜೊತೆಗೇ ತಿರುಗಿತು. ಬಲಕ್ಕೆ ಎಳೆದರೆ ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ.

“ಏನಮ್ಮ, ಮಜ್ಜಿಗೆ ಕಡೀತಾ ಇದೀಯಾ?” ಎಂದರು ಚನ್ನಬಸಪ್ಪನವರು. “ಇಳಿಸು. ಹ್ಯಾಂಡ್‌ಬ್ರೇಕ್ ಹಾಕು, ಗೇರಲ್ಲಿ ಬಿಡು, ಆ ಕಡೆ ಚಕ್ರಕ್ಕೆ ಕಲ್ಲು ಕೊಡು. ಚಕ್ರ ನೆಲದ ಮೇಲಿದ್ದಾಗ್ಲೇ ನಟ್ಟು ಸಡಿಲ ಮಾಡ್ಬೇಕು. ಕೈಯಲ್ಲಲ್ಲ, ಕಾಲಲ್ಲಿ ಒತ್ತು. ದೇವರು ಅಷ್ಟು ತೂಕ ಕೊಟ್ಟಿರೋದು ಯಾತಕ್ಕೆ?”

ಇಡೀ ಕ್ರಾಸ್ ನಕ್ಕಿತು. ಯಜಮಾನರು ವಿಡಿಯೋ ಮಾಡುತ್ತಿದ್ದರು, ಸಹಾಯಕ್ಕೆ ಅವರ ಕೈ ಖಾಲಿ ಇರಲಿಲ್ಲ. ಸಿಟ್ಟಿನಲ್ಲಿ ಒತ್ತಿದೆ. ನಟ್ಟು ಕಿರ್ ಎಂದು ಸಡಿಲವಾಯಿತು. ಚಕ್ರ ಬಿಚ್ಚಿ ಸ್ಟೆಪ್ನಿ ಕೂರಿಸಿದೆ. “ಒಂದು ನಟ್ಟು ಆದ್ಮೇಲೆ ಪಕ್ಕದ್ದಕ್ಕೆ ಹೋಗ್ಬೇಡ, ಎದುರಿನದಕ್ಕೆ ಹೋಗು. ಪಕ್ಕದಲ್ಲೇ ಸುತ್ತಿದ್ರೆ ಚಕ್ರ ಸೊಟ್ಟ ಕೂರತ್ತೆ. ಇಳಿಸಿದ್ಮೇಲೆ ಇನ್ನೊಂದ್ಸಲ ಎಲ್ಲಾ ಬಿಗಿ ಮಾಡು.” ಅದನ್ನೇ ಹಾಕಿಕೊಂಡು, ಪಕ್ಕದಲ್ಲಿ ಅವರನ್ನು ಕೂರಿಸಿಕೊಂಡು, ಕಾಮಾಕ್ಷಿಪಾಳ್ಯದವರೆಗೆ ಹೋಗಿಬಂದೆ. ಎಡಕ್ಕೇ ಇರು, ಬ್ರೇಕ್ ಮೆಲ್ಲಗೆ ಹಿಡಿ, ಯಾರನ್ನೂ ಹಿಂದೆ ಹಾಕಬೇಡ ಎಂದು ದಾರಿಯುದ್ದಕ್ಕೂ ಪಾಠ. ಸೀರೆ ಕೆಟ್ಟಿತು. ಮರುದಿನ ಸಂಸ್ಥೆಗೆ ಹೋಗಿ ಒಪ್ಪಿಗೆ ಬರೆದುಕೊಟ್ಟೆ.

ಎರಡು ವರ್ಷ ಪ್ರತಿದಿನ ಓಡಾಡಿದೆ. ಮೊಳೆ, ಗಾಜು, ಗುಂಡಿಗಳಿಗೆ ಪ್ರಸಿದ್ಧವಾದ ನಮ್ಮ ರಸ್ತೆಗಳು ನನಗೆ ಒಂದು ಪಂಕ್ಚರ್ ಕೂಡ ದಯಪಾಲಿಸಲಿಲ್ಲ. ಮನೆಯವರಿಗೆ ಸ್ವಲ್ಪ ನಿರಾಶೆಯೇ ಆಗಿರಬೇಕು. ಯಜಮಾನರು “ಅದೃಷ್ಟ ಕಣೇ ನಿಂದು. ಆದಾಗ ಗೊತ್ತಾಗತ್ತೆ” ಎನ್ನುವುದನ್ನು ಬಿಡಲಿಲ್ಲ. ಸಂಜೆ ಕಾರು ನಿಲ್ಲಿಸುವಾಗ ಚನ್ನಬಸಪ್ಪನವರು ಚಕ್ರಗಳನ್ನು ನೋಡುತ್ತ ಕೇಳುತ್ತಿದ್ದರು:

“ಆಯ್ತಾ?”

“ಇಲ್ಲ ಅಂಕಲ್.”

“ಆಗತ್ತೆ ಬಿಡು” ಎಂದು ಸಮಾಧಾನ ಮಾಡುತ್ತಿದ್ದರು. ಪ್ರತಿ ತಿಂಗಳು ಸ್ಟೆಪ್ನಿಯ ಗಾಳಿ ನೋಡಿಸುತ್ತಿದ್ದರು. ಅವರಿಗೆ ನನ್ನ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ ಆ ಪಂಕ್ಚರಿಗಾಗಿ ನನಗಿಂತ ಹೆಚ್ಚಾಗಿ ಕಾದರು.

ಮೊನ್ನೆ ಒಂದು ಭಾನುವಾರ ಅವರ ಮಗಳು ಫೋನ್ ಮಾಡಿದಳು. ಕೆಂಗೇರಿಯ ಅವಳ ಮನೆಗೆ ಹೋಗಿದ್ದವರು ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಕೆಂಗೇರಿಯಾಚೆ ಅವರ ಜಮೀನಿನಲ್ಲಿ ಮೂರು ಗಂಟೆಗೆ ಮಣ್ಣು. ನಾನೂ ಯಜಮಾನರೂ ಹೊರಟೆವು. ಕೊನೆಯ ಸಲ ಮುಖ ನೋಡಬೇಕು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಬಾಪೂಜಿ ನಗರ ದಾಟಿ ಮೆಟ್ರೋ ಕಂಬಗಳ ಪಕ್ಕ ಬರುವಾಗ ಕಾರು ಎಡಕ್ಕೆ ಕುಂಟಿತು.

ಹಿಂದಿನ ಎಡಗಡೇದು ಇಳಿದಿತ್ತು.

ಯಜಮಾನರು ತಕ್ಷಣ ಕಾರ್ಯಪ್ರವೃತ್ತರಾದರು, ಅಂದರೆ ಫೋನ್ ಮಾಡಿದರು. “ಮುಕ್ಕಾಲು ಗಂಟೇಲಿ ಬರ್ತಾರಂತೆ. ನೀನು ಒಳಗೆ ಕೂತ್ಕೋ, ಟೆನ್ಷನ್ ಮಾಡ್ಕೋಬೇಡ” ಎಂದರು. ನಾನು ಡಿಕ್ಕಿ ತೆಗೆದೆ. ಸ್ಟೆಪ್ನಿಯ ಮೇಲೆ ಅವರು ಕಳೆದ ಆಯುಧಪೂಜೆಗೂ ಬಿಡದೆ ಎಳೆದಿದ್ದ ಮೂರು ಪಟ್ಟೆ ಮಸುಕಾಗಿ ಉಳಿದಿದ್ದವು. ಕಣ್ಣು ತುಂಬಿತು, ಆದರೆ ಕಲ್ಲು ಹುಡುಕಬೇಕಿತ್ತು. ಕಲ್ಲು ಕೊಟ್ಟೆ, ನಟ್ಟು ಸಡಿಲ ಮಾಡಿದೆ, ಆಮೇಲೆ ಎತ್ತಿದೆ. ಯಜಮಾನರು ಈ ಸಲ ವಿಡಿಯೋ ಮಾಡಲಿಲ್ಲ. ಕೊಟ್ಟ ನಟ್ಟುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಇಪ್ಪತ್ತೈದು ನಿಮಿಷ ಹಿಡಿಯಿತು. ಹೊರಟಾಗ ಮೂರಕ್ಕೆ ಸ್ವಲ್ಪವೇ ಬಾಕಿ.

“ಸ್ವಲ್ಪ ಜೋರಾಗಿ ಹೋಗು, ರೋಡ್ ಖಾಲಿ ಇದೆ. ಎಂಬತ್ತರವರೆಗೂ ಹೋಗ್ಬಹುದು ಕಣೇ, ಮುಖ ನೋಡೋಕ್ಕಾದ್ರೂ ಸಿಗತ್ತೆ.”

ಮುಳ್ಳು ಐವತ್ತರಲ್ಲಿತ್ತು. ಲಾರಿಯವರು, ಆಟೋದವರು, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವರು ಕೂಡ ನನ್ನನ್ನು ಹಿಂದೆ ಹಾಕಿ ಹೋದರು. ನನಗೂ ಒತ್ತಿಬಿಡಬೇಕು ಎನಿಸಿತು. ಒತ್ತಲಿಲ್ಲ, ಯಾರೇ ಕರೆದರೂ ಎಂದಿದ್ದರಲ್ಲ.

ತಲುಪುವಷ್ಟರಲ್ಲಿ ಮುಖ ಮುಚ್ಚಿಯಾಗಿತ್ತು. ಗುಂಡಿಗೆ ಎಲ್ಲರೂ ಮಣ್ಣು ಹಾಕುತ್ತಿದ್ದರು. ಅವರ ಮಗಳು ನನ್ನ ಕೈ ನೋಡಿ, “ಆಂಟಿ, ನೀರು ತರಿಸ್ಲಾ? ಕೈಯೆಲ್ಲ ಕಪ್ಪಾಗಿದೆ” ಎಂದಳು. ಬೇಡಮ್ಮ ಎಂದೆ. ಆ ಕಪ್ಪು ಕೈಯಲ್ಲೇ ಒಂದು ಹಿಡಿ ಮಣ್ಣು ತೆಗೆದುಕೊಂಡು ಬಗ್ಗಿದೆ.

“ಆಯ್ತು ಅಂಕಲ್” ಎಂದೆ. “ಐವತ್ತರಲ್ಲೇ ಬಂದೆ. ಅದಕ್ಕೇ ಲೇಟಾಯ್ತು.”